ಪಟ್ಟು ಬೀಳುತ್ತೆ, ಟ್ಯಾಪ್ ಬರಲ್ಲ: ಎಂಎಂಎ ಸಬ್‌ಮಿಷನ್ ದೋಷ ಹುಡುಕುವ ಬಗೆ

"ಪಟ್ಟು ಸರಿಯಾಗೇ ಹಾಕಿದ್ದೆ, ಆದ್ರೂ ಅವನು ಟ್ಯಾಪ್ ಮಾಡಲಿಲ್ಲ." ಶಿವಮೊಗ್ಗದಲ್ಲಿ ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲ ಬೆರೆತ ಕಾಳಗ) ಕಲಿಯುವ ಹುಡುಗರ ಬಾಯಲ್ಲಿ ಇದು ದಿನಾ ಕೇಳುವ ಮಾತು. ಇವರಲ್ಲಿ ಕೆಲವರು ಗರಡಿಯಿಂದ ಬಂದವರು. ಕೆಲವರು ಜಿಮ್ಮಿನಿಂದ. ಉಳಿದವರು ಮೊಬೈಲಿನಲ್ಲಿ ಫೈಟ್ ನೋಡಿ ಬಂದವರು. ಬಲಕ್ಕೇನೂ ಕೊರತೆ ಇಲ್ಲ. ಟ್ಯಾಪ್, ಅಂದರೆ ಸೋತೆ ಅಂತ ಕೈ ತಟ್ಟುವುದು, ಬರದಿದ್ದರೆ ಎಲ್ಲರೂ ಮಾಡುವುದು ಒಂದೇ ಕೆಲಸ: ಹಲ್ಲು ಕಚ್ಚಿ ಇನ್ನೂ ಜೋರಾಗಿ ಹಿಂಡುವುದು.

ಹಿಂಡುವುದು ಕೊನೆಯ ಕೆಲಸ. ಅಲ್ಲಿ ಕಾಣಿಸುವ ದೋಷ ಹುಟ್ಟಿರುವುದು ಸಾಮಾನ್ಯವಾಗಿ ಎರಡು ಹೆಜ್ಜೆ ಹಿಂದೆ. ಹಾಗಾಗಿ ಹಿಂದಿನಿಂದ ಮುಂದಕ್ಕೆ ನೋಡಬೇಕು. ಮೊದಲು, ಎದುರಾಳಿಯ ಸೊಂಟ ಮತ್ತು ಭುಜ ನಿಮ್ಮ ಹಿಡಿತದಲ್ಲಿದೆಯಾ? ಆಮೇಲೆ, ಕತ್ತು ಅಥವಾ ಕೀಲಿನ ಸುತ್ತ ಸಂದು ಉಳಿದಿದೆಯಾ? ಬಲ ಯಾವ ದಿಕ್ಕಿಗೆ ಹೋಗುತ್ತಿದೆ ಅನ್ನುವ ಪ್ರಶ್ನೆ ಬರುವುದು ಈ ಎರಡೂ ಸರಿ ಇದ್ದರೆ ಮಾತ್ರ. ಮೊದಲ ಪ್ರಶ್ನೆಗೆ "ಇಲ್ಲ" ಅಂತ ಉತ್ತರ ಬಂದರೆ ಉಳಿದೆರಡನ್ನು ನೋಡುವ ಅಗತ್ಯವೇ ಇಲ್ಲ.

ಪರೀಕ್ಷೆ ಮಾಡುವುದು ಸುಲಭ. ಜೊತೆಯವನಿಗೆ ತಪ್ಪಿಸಿಕೊಳ್ಳಬೇಡ ಅನ್ನಿ. ಪಟ್ಟು ಹಾಕಿ, ಅರ್ಧ ಬಲದಲ್ಲಿ, ನಿಧಾನವಾಗಿ ಬಿಗಿ ಮಾಡಿ. ಪಟ್ಟು ಸರಿ ಇದ್ದರೆ ಅರ್ಧ ಬಲಕ್ಕೇ ಟ್ಯಾಪ್ ಬರುತ್ತದೆ. ಪೂರ್ತಿ ಬಲ ಹಾಕಿದರೆ ಮಾತ್ರ ಬರುತ್ತದೆ ಅಂದರೆ ಅದು ನಿಮ್ಮ ತೋಳಿನ ಕೆಲಸ, ಪಟ್ಟಿನದ್ದಲ್ಲ. ಮೂರನೇ ರೌಂಡಿನಲ್ಲಿ ಆ ತೋಳು ಇರುವುದಿಲ್ಲ.

ಈ ಪರೀಕ್ಷೆಗೆ ಕೆಲವು ಕಟ್ಟುನಿಟ್ಟು ಇದೆ. ಒಬ್ಬರಾದರೂ ತಿಳಿದವರು ಮ್ಯಾಟ್ ಪಕ್ಕದಲ್ಲಿ ಇರಲೇಬೇಕು. ಕೈಯಿಂದ ತಟ್ಟಿದರೂ, ಕಾಲಿನಿಂದ ಬಡಿದರೂ, ಬಾಯಲ್ಲಿ "ಸಾಕು" ಅಂದರೂ ಅದು ಟ್ಯಾಪೇ. ಆ ಕ್ಷಣವೇ ಬಿಡಬೇಕು. ಸರಿಯಾಗಿ ಬಿದ್ದ ಚೋಕ್ (ಕತ್ತು ಹಿಂಡುವ ಪಟ್ಟು) ಸುಮಾರು ಹತ್ತು ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪಿಸುತ್ತದೆ. ಜೊತೆಯವನ ಕೈ ಸಡಿಲವಾದರೆ ಅವನು ಟ್ಯಾಪ್ ಮಾಡಲಿ ಅಂತ ಕಾಯಬೇಡಿ, ಅವನಿಗೆ ಈಗಾಗಲೇ ಆಗುತ್ತಿಲ್ಲ. ಬಿಟ್ಟ ಮೇಲೆ ಕೆಲವೇ ಸೆಕೆಂಡಿನಲ್ಲಿ ಎಚ್ಚರ ಬರಬೇಕು. ಬರದಿದ್ದರೆ, ಉಸಿರಾಟ ಸರಿ ಇಲ್ಲದಿದ್ದರೆ, 108ಕ್ಕೆ ಫೋನ್ ಮಾಡಿ.

ಕತ್ತು ಸಿಕ್ಕಿದೆ, ಆದರೆ ಅವನು ಕೆಮ್ಮುತ್ತಾನೆ: ರಿಯರ್ ನೇಕೆಡ್ ಚೋಕ್

ಎದುರಾಳಿಯ ಬೆನ್ನ ಹಿಂದಿನಿಂದ ಹಾಕುವ ಚೋಕ್. ಎಂಎಂಎಯಲ್ಲಿ ಅತಿ ಹೆಚ್ಚು ಪಂದ್ಯ ಮುಗಿಸುವ ಸಬ್‌ಮಿಷನ್ ಇದು. ಹೊಸಬರು ಅತಿ ಹೆಚ್ಚು ಕೆಡಿಸುವುದೂ ಇದನ್ನೇ.

ಇಲ್ಲಿ ಒತ್ತಬೇಕಾದದ್ದು ಗಂಟಲನ್ನಲ್ಲ, ಕತ್ತಿನ ಎರಡೂ ಪಕ್ಕದಲ್ಲಿ ಮಿದುಳಿಗೆ ರಕ್ತ ಒಯ್ಯುವ ನಾಳಗಳನ್ನು. ಒಂದು ಪಕ್ಕಕ್ಕೆ ನಿಮ್ಮ ಮೇಲ್ತೋಳು, ಇನ್ನೊಂದು ಪಕ್ಕಕ್ಕೆ ಮುಂಗೈ. ಮೊಣಕೈ ಅವನ ಗಲ್ಲದ ನೇರ ಕೆಳಗೆ ಇರಬೇಕು. ಮೊಣಕೈ ಒಂದು ಪಕ್ಕಕ್ಕೆ ಜಾರಿದರೆ ಮುಂಗೈ ಮೂಳೆ ಗಂಟಲಿನ ಮೇಲೆ ಬರುತ್ತದೆ. ಅವನು ಕೆಮ್ಮುವುದು ಅದಕ್ಕೇ. ಕೆಮ್ಮು ಬಂದರೆ ಪಟ್ಟು ಹತ್ತಿರ ಬಂತು ಅಂದುಕೊಳ್ಳುವವರು ತುಂಬಾ ಜನ. ಹಾಗಲ್ಲ. ಶ್ವಾಸನಾಳ ಒತ್ತಿದರೆ ನೋವು ಜಾಸ್ತಿ, ಕೆಲಸ ನಿಧಾನ, ಗಾಯದ ಅಪಾಯ ಬೇರೆ.

ಹಾಗಾಗಿ ದೋಷ ಗೊತ್ತಾಗಬೇಕಾದರೆ ಜೊತೆಯವನನ್ನೇ ಕೇಳಬೇಕು. ನಮ್ಮಲ್ಲಿ ಮಾತು ಹೀಗೆ ನಡೆಯುತ್ತದೆ:

"ಎಲ್ಲಿ ಹಿಡೀತಿದೆ ಮಾರಾಯ?"

"ದವಡೆ ಅಣ್ಣಾ. ಹಲ್ಲು ನೋಯ್ತಿದೆ."

"ಕತ್ತು?"

"ಕತ್ತಿಗೆ ಎಂತದ್ದೂ ಇಲ್ಲ."

ಇಷ್ಟೇ ಸಾಕು. ಗಂಟಲು ಅಂದರೆ ಮೊಣಕೈ ಪಕ್ಕಕ್ಕೆ ಹೋಗಿದೆ. ದವಡೆ ಅಂದರೆ ಅವನ ಗಲ್ಲ ಇನ್ನೂ ಕೆಳಗಿದೆ, ನಿಮ್ಮ ಕೈ ಅದರ ಮೇಲಿದೆ. "ಮುಖ ಬಿಸಿ ಆಯ್ತು, ಕಿವಿ ಗುಂಯ್ ಅಂತು" ಅಂದರೆ ಸರಿಯಾದ ಜಾಗ ಸಿಕ್ಕಿದೆ.

ದವಡೆ ಮೇಲೂ ಟ್ಯಾಪ್ ಬರುತ್ತಲ್ಲ ಅಂತ ವಾದ ಮಾಡುವವರು 2018ರ ಅಕ್ಟೋಬರಿನ ಖಬೀಬ್–ಮೆಕ್‌ಗ್ರೆಗರ್ ಪಂದ್ಯ ತೋರಿಸುತ್ತಾರೆ. ಹೌದು, ಅದು ನೆಕ್ ಕ್ರ್ಯಾಂಕ್ (ಕತ್ತು ತಿರುಚುವ ಪಟ್ಟು) ಅಂತಲೇ ದಾಖಲಾಗಿದೆ. ಆದರೆ ಅದು ನಾಲ್ಕನೇ ರೌಂಡು. ಅಲ್ಲಿಗೆ ಬರುವ ಮೊದಲು ಖಬೀಬ್ ಎಷ್ಟು ಹೊತ್ತು ಮೇಲೆ ಭಾರ ಹಾಕಿ ಕೂತಿದ್ದರು ಅನ್ನುವುದನ್ನೂ ನೋಡಬೇಕು, ಅಲ್ವಾ?

ಕೈಯೆಲ್ಲ ಸರಿ ಇದ್ದೂ ಚೋಕ್ ಆಗುತ್ತಿಲ್ಲ ಅಂದರೆ ನಿಮ್ಮ ಎದೆ ನೋಡಿ. ನಿಮ್ಮ ಎದೆಗೂ ಅವನ ಬೆನ್ನಿಗೂ ನಡುವೆ ಅಂಗೈ ತೂರುವಷ್ಟು ಸಂದಿದ್ದರೆ ಹಿಂಡಿದ ಬಲವೆಲ್ಲ ಆ ಸಂದಿನಲ್ಲೇ ಕಳೆದುಹೋಗುತ್ತದೆ. ಎದೆ ಅಂಟಿಸಿ, ತಲೆಯನ್ನು ಅವನ ತಲೆಗೆ ಒತ್ತಿ, ಆಮೇಲೆ ಉಸಿರು ತುಂಬಿಕೊಂಡು ಎದೆ ಉಬ್ಬಿಸಿ. ತೋಳು ಬಿಗಿಯುವುದಕ್ಕಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ.

ಎರಡನೇ ಕೈ ಅವನ ತಲೆಯ ಹಿಂದೆ ಇರಬೇಕು, ತಲೆಯ ಮೇಲಲ್ಲ. ಮೇಲಿದ್ದರೆ ಅವನು ಎರಡೂ ಕೈಯಿಂದ ಅದನ್ನು ಹಿಡಿದು ಎಳೆದು ಬಿಡಿಸುತ್ತಾನೆ. ಇಲ್ಲಿ ಎಂಎಂಎಗೇ ಸೇರಿದ ಒಂದು ತೊಂದರೆ ಇದೆ: ಗ್ಲೌಸ್. ಬರಿಗೈಯಲ್ಲಿ ಬೆಣ್ಣೆ ಹಾಗೆ ಜಾರಿಹೋಗುವ ಕೈ, ಗ್ಲೌಸ್ ಹಾಕಿದಾಗ ಅವನ ತಲೆಗೂ ನಿಮ್ಮ ತೋಳಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಬೆರಳು ಚಾಚಿ, ಅಂಗೈಯನ್ನು ನಿಮ್ಮ ಕಡೆ ತಿರುಗಿಸಿ ತೂರಿಸಿ. ಆಗಲೂ ಆಗದಿದ್ದರೆ ಎರಡೂ ಅಂಗೈ ಸೇರಿಸಿ ಹಿಡಿದು ಮುಗಿಸಿ. ವಾರದಲ್ಲಿ ಕೆಲವು ದಿನವಾದರೂ ಗ್ಲೌಸ್ ಹಾಕಿಯೇ ಚೋಕ್ ಅಭ್ಯಾಸ ಮಾಡದಿದ್ದರೆ ಈ ದೋಷ ಪಂದ್ಯದ ದಿನವೇ ಗೊತ್ತಾಗುವುದು.

ಕಾಲಿನದ್ದು ಒಂದೇ ಮಾತು. ಹುಕ್ ಹಾಕುವ (ಪಾದವನ್ನು ಅವನ ತೊಡೆಯ ಒಳಗೆ ಸಿಕ್ಕಿಸುವ) ಬದಲು ಎರಡೂ ಪಾದವನ್ನು ಅವನ ಹೊಟ್ಟೆಯ ಮುಂದೆ ಕತ್ತರಿ ಹಾಕಿದರೆ ಅವನು ತನ್ನ ಕಾಲು ಮೇಲೆ ಹಾಕಿ ನಿಮ್ಮ ಪಾದದ ಗಂಟನ್ನೇ ಮುರಿಯುವ ಹಾಗೆ ಒತ್ತುತ್ತಾನೆ. ಬೆನ್ನು ಹಿಡಿದವನೇ ಟ್ಯಾಪ್ ಮಾಡುವುದು ನೋಡಲು ತಮಾಷೆಯಾಗಿರುತ್ತದೆ, ಬೇರೆಯವರಿಗೆ.

ಗರಡಿಯವರ ದೋಷಗಳೇ ಬೇರೆ

ಕೋಟೆ ಮಾರಿಕಾಂಬ ಜಾತ್ರೆಯ ಕುಸ್ತಿ ನೋಡುತ್ತ ಬೆಳೆದವರಿಗೆ ಒಂದು ವಿಷಯ ರಕ್ತದಲ್ಲೇ ಇಳಿದಿರುತ್ತದೆ. ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಕಥೆ ಮುಗಿಯಿತು. ಇದು ಒಳ್ಳೆಯ ಅಭ್ಯಾಸವೇ. ಕೆಳಗೆ ಬೀಳದವನನ್ನು ಸೋಲಿಸುವುದು ಕಷ್ಟ. ಆದರೆ ಮ್ಯಾಟ್ ಮೇಲೆ ಇದೇ ಅಭ್ಯಾಸ ಎರಡು ಕಡೆ ಕೈಕೊಡುತ್ತದೆ.

ಒಂದು, ಕೆಳಗೆ ಸಿಕ್ಕಿದ ಕೂಡಲೇ ಹೊಟ್ಟೆ ಮೇಲೆ ತಿರುಗಿ ಬೆನ್ನು ಕೊಡುತ್ತಾರೆ. ಕುಸ್ತಿಯಲ್ಲಿ ಅದು ಸುರಕ್ಷಿತ. ಇಲ್ಲಿ ಮೇಲೆ ಹೇಳಿದ ಚೋಕಿಗೆ ತಾವೇ ಬಾಗಿಲು ತೆಗೆದ ಹಾಗೆ. ಇಂಥವರಿಗೆ ಬೇಕಾಗಿರುವುದು ಹೊಸ ಪಟ್ಟಲ್ಲ. ಬೆನ್ನು ನೆಲಕ್ಕೆ ಕೊಟ್ಟು ಮಲಗಿ, ಕಾಲಿನಿಂದ ಎದುರಾಳಿಯನ್ನು ದೂರ ಇಟ್ಟು, ಅಂದರೆ ಗಾರ್ಡ್‌ನಲ್ಲಿ, ಗಾಬರಿ ಇಲ್ಲದೆ ಇರುವ ಅಭ್ಯಾಸ. ಮೊದಮೊದಲು ಮನಸ್ಸು ಒಪ್ಪುವುದಿಲ್ಲ. ಮೊಣಕಾಲು ಮೇಲೆತ್ತಿ, ಪಕ್ಕಕ್ಕೆ ವಾಲಿ ಎದ್ದು ನಿಲ್ಲುವುದನ್ನು ಇದರ ಜೊತೆಗೇ ಹೇಳಿಕೊಟ್ಟರೆ ಬೇಗ ಒಪ್ಪುತ್ತದೆ.

ಎರಡನೆಯದನ್ನು ಕಂಡುಹಿಡಿಯುವುದು ಸ್ವಲ್ಪ ಕಷ್ಟ. ಗರಡಿ ಹುಡುಗ ಎದುರಾಳಿಯನ್ನು ಎತ್ತಿ ಹಾಕಿ, ಎರಡೂ ಭುಜ ನೆಲಕ್ಕೆ ಒತ್ತಿ, ಅಲ್ಲೇ ನಿಂತುಬಿಡುತ್ತಾನೆ. ಒಂದು ಗಳಿಗೆ ಯಾರೋ ಸೀಟಿ ಊದುತ್ತಾರೆ ಅನ್ನುವ ಹಾಗೆ ಕಾಯುತ್ತಾನೆ. ಆ ಗಳಿಗೆಯಲ್ಲೇ ಕೆಳಗಿನವನು ಮೊಣಕಾಲು ಒಳಗೆ ತೂರಿಸಿಬಿಡುತ್ತಾನೆ. ಹುಡುಗ ಆಮೇಲೆ "ಆರ್ಮ್‌ಬಾರ್ ಸಿಗ್ಲೇ ಇಲ್ಲ" ಅನ್ನುತ್ತಾನೆ. ಆರ್ಮ್‌ಬಾರಿನಲ್ಲಿ, ಅಂದರೆ ಮೊಣಕೈ ನೆಟ್ಟಗೆ ಮಾಡಿ ಒತ್ತುವ ಪಟ್ಟಿನಲ್ಲಿ, ದೋಷ ಇರಲೇ ಇಲ್ಲ, ದೋಷ ಇದ್ದದ್ದು ಆ ಖಾಲಿ ಗಳಿಗೆಯಲ್ಲಿ. ಮೊಬೈಲನ್ನು ಬ್ಯಾಗಿಗೆ ಒರಗಿಸಿಟ್ಟು ಒಂದು ರೌಂಡ್ ರೆಕಾರ್ಡ್ ಮಾಡಿ ತೋರಿಸಿ. ಬಾಯಲ್ಲಿ ಹೇಳಿದರೆ ನಂಬುವುದಿಲ್ಲ, ನೋಡಿದರೆ ನಗುತ್ತಾರೆ.

ತೋಳು ಉರಿಯುತ್ತೆ, ಅವನಿಗೆ ಏನೂ ಆಗಲ್ಲ: ಗಿಲೋಟಿನ್

ಕಾಲಿಗೆ ನುಗ್ಗಿದವನ ಕತ್ತು ಮುಂದಿನಿಂದ ಸಿಗುತ್ತದೆ, ಆಗ ಹಾಕುವ ಚೋಕ್ ಇದು. ಹೊಸಬರು ತಲೆಯನ್ನು ಬಾಚಿ ತಬ್ಬಿಕೊಳ್ಳುತ್ತಾರೆ, ಕೂಡಲೇ ಬೆನ್ನ ಮೇಲೆ ಬಿದ್ದು ಅವನನ್ನು ಗಾರ್ಡ್‌ಗೆ ಎಳೆಯುತ್ತಾರೆ. ತೋಳು ಉರಿಯುತ್ತದೆ, ಅವನು ಆರಾಮಾಗಿ ತಲೆ ಬಿಡಿಸಿಕೊಂಡು ಮೇಲೆ ಕೂತು ಗುದ್ದುತ್ತಾನೆ.

ಮೊದಲು ಮಣಿಕಟ್ಟು ನೋಡಿ. ಹೆಬ್ಬೆರಳಿನ ಕಡೆಯ ಮೂಳೆ ಗಲ್ಲದ ಕೆಳಗೆ ಆಳಕ್ಕೆ ಹೋಗಿರಬೇಕು. ಅದು ದವಡೆಯ ಮೇಲಿದ್ದರೆ ಕೆಳಗೆ ಬೀಳಲೇಬೇಡಿ. ಆಮೇಲೆ ಎದೆ. ನಿಮ್ಮ ಎದೆ ಅವನ ತಲೆಯ ಹಿಂಭಾಗದ ಮೇಲೆ ಮುಚ್ಚಿಕೊಂಡಿರಬೇಕು. ಬೆನ್ನು ಹಿಂದಕ್ಕೆ ಬಾಗಿಸಿ ಎಳೆದರೆ ಆ ಮುಚ್ಚಳ ತೆರೆದುಹೋಗುತ್ತದೆ. ಜಿಯು-ಜಿಟ್ಸು ಚಾಂಪಿಯನ್ ಮಾರ್ಸೆಲೋ ಗಾರ್ಸಿಯಾ ಹೆಸರಿಗೆ ಅಂಟಿಕೊಂಡಿರುವ ಬಗೆಯಲ್ಲಿ ಮೊಣಕೈ ಮೇಲಕ್ಕೆ ಎದ್ದಿರುತ್ತದೆ, ಅದರಿಂದ ಅವನ ಕೈಗೆ ನಿಮ್ಮ ಹಿಡಿತ ಬಿಡಿಸಲು ಜಾಗ ಸಿಗುವುದಿಲ್ಲ. ಕೆಳಗೆ ಬಿದ್ದ ಮೇಲೆ ಒಂದು ಕಾಲನ್ನು ಅವನ ಬೆನ್ನ ಮೇಲೆ ಏರಿಸಿ ಒತ್ತಿ. ಇಲ್ಲದಿದ್ದರೆ ಅವನು ಸುಮ್ನೆ ಉರುಳಿ ಹೊರಗೆ ಹೋಗುತ್ತಾನೆ.

ಯಾವಾಗ ಬಿಡಬೇಕು ಅನ್ನುವುದು ಇಲ್ಲಿ ಬಹಳ ಮುಖ್ಯ. ಅವನು ನಿಮ್ಮ ಕಾಲು ದಾಟಿ, ತಲೆ ಇರುವ ಕಡೆಯ ಎದುರು ಬದಿಗೆ ಹೋದರೆ ಚೋಕ್ ಸತ್ತಿತು. ಆಗಲೂ ತಲೆ ಹಿಡಿದುಕೊಂಡೇ ಇದ್ದರೆ ಅವನು ಭುಜವನ್ನು ನಿಮ್ಮ ಕತ್ತಿಗೆ ಒತ್ತಿ ನಿಮ್ಮನ್ನೇ ಚೋಕ್ ಮಾಡುತ್ತಾನೆ. ಅದಕ್ಕೆ ವಾನ್ ಫ್ಲೂ ಚೋಕ್ ಅನ್ನುತ್ತಾರೆ, ಜೇಸನ್ ವಾನ್ ಫ್ಲೂ ಅನ್ನುವ ಫೈಟರ್ ಹೆಸರಿನಿಂದ ಬಂದದ್ದು. ಹಟ ಹಿಡಿದವರಿಗಾಗಿಯೇ ಹುಟ್ಟಿದ ಪಟ್ಟು ಅದು.

ಗಿಲೋಟಿನ್‌ಗೆ ಪದೇ ಪದೇ ಸಿಕ್ಕಿಬೀಳುವವರಿಗೂ ಒಂದು ಮಾತು. ಕಾಲಿಗೆ ನುಗ್ಗುವಾಗ ನಿಮ್ಮ ತಲೆ ಅವನ ಸೊಂಟದ ಹೊರಗೆ, ಕೆಳಗೆ ನೋಡುತ್ತ ಇರುತ್ತದೆ, ದೋಷ ಅದೇ. ಕಿವಿಯನ್ನು ಅವನ ಪಕ್ಕೆಗೆ ಅಂಟಿಸಿ, ಕಣ್ಣು ಮೇಲಿರಲಿ.

ಕಾಲು ಬಿಗಿದಿದೆ, ಅವನು ಎದ್ದು ನಿಲ್ಲುತ್ತಾನೆ: ಟ್ರಯಾಂಗಲ್

ಅವನ ತಲೆ ಮತ್ತು ಒಂದು ಕೈಯನ್ನು ನಿಮ್ಮ ಎರಡೂ ಕಾಲಿನ ನಡುವೆ ಸಿಕ್ಕಿಸುವ ಚೋಕ್ ಇದು. ಇದರಲ್ಲಿ ಕತ್ತಿನ ಒಂದು ಪಕ್ಕವನ್ನು ನಿಮ್ಮ ತೊಡೆ ಒತ್ತುತ್ತದೆ, ಇನ್ನೊಂದು ಪಕ್ಕವನ್ನು ಅವನದೇ ಭುಜ. ನೇರ ಎದುರುಬದುರು ಮಲಗಿ ಹಿಂಡಿದರೆ ಭುಜ ಒಳಗೆ ಬರುವುದಿಲ್ಲ. ಎಷ್ಟು ಹಿಂಡಿದರೂ ಅದು ಬರೀ ತಬ್ಬುಗೆ.

ಕೋನ ಇದೆಯೋ ಇಲ್ಲವೋ ನೋಡಲು ಒಂದು ಸುಲಭ ಗುರುತು. ನಿಮಗೆ ಅವನ ಮೂಗು, ಎರಡೂ ಕಣ್ಣು ಕಾಣುತ್ತಿದ್ದರೆ ಕೋನ ಇಲ್ಲ. ಅವನ ಕಿವಿಯ ತೂತು ಕಂಡರೆ ಇದೆ. ತಿರುಗಲು ಅವನ ಕಾಲಿನ ಕೆಳಗೆ ಕೈ ತೂರಿಸಿ ನಿಮ್ಮನ್ನು ಎಳೆದುಕೊಳ್ಳಿ. ಆಮೇಲೆ ಬೀಗ ನೋಡಿ. ಒಂದು ಕಾಲಿನ ಪಾದದ ಗಂಟು ಇನ್ನೊಂದು ಮೊಣಕಾಲಿನ ಮಡಿಕೆಯಲ್ಲಿ ಕೂರಬೇಕು. ಬರೀ ಪಾದ ಸಿಕ್ಕಿಸಿದರೆ ಬೀಗ ಬಿಚ್ಚುತ್ತದೆ, ನಿಮ್ಮ ಪಾದವೂ ಉಳುಕುತ್ತದೆ. ಕಣಕಾಲು ಅವನ ಕತ್ತಿಗೆ ಅಡ್ಡ ಇರಬೇಕು, ಬೆನ್ನ ಮೇಲೆ ಇಳಿದಿರಬಾರದು. ತೀರ್ಥಹಳ್ಳಿ ಕಡೆಯಿಂದ ಬರುವ, ಅಡಿಕೆ ಮರ ಹತ್ತಿ ಕೊನೆ ಇಳಿಸುವ ಹುಡುಗರಿಗೆ ಈ ಪಟ್ಟು ಬೇಗ ಕೂರುವುದನ್ನು ನೋಡಿದ್ದೇನೆ. ತೊಡೆ ಒತ್ತಿ ಹಿಡಿಯುವುದು ಅವರಿಗೆ ದಿನದ ಕೆಲಸ. ಅವರಿಗೂ ಕೋನ ಮಾತ್ರ ಹೇಳಿಕೊಡಲೇಬೇಕು.

ಎಂಎಂಎಯಲ್ಲಿ ಅವನು ಎದ್ದು ನಿಂತರೆ ಬರೀ ಪಟ್ಟು ತಪ್ಪುವುದಿಲ್ಲ, ನಿಮ್ಮನ್ನು ಎತ್ತಿ ಬಡಿಯುತ್ತಾನೆ. 2004ರಲ್ಲಿ ಜಪಾನಿನ ಪ್ರೈಡ್ ಎಂಎಂಎ ಪಂದ್ಯದಲ್ಲಿ ಟ್ರಯಾಂಗಲ್ ಹಾಕಿದ್ದ ರಿಕಾರ್ಡೋ ಅರೋನಾ ಅವರನ್ನು ಕ್ವಿಂಟನ್ ಜಾಕ್ಸನ್ ಮೇಲೆತ್ತಿ ಒಗೆದರು, ಅಲ್ಲಿಗೇ ಪಂದ್ಯ ಮುಗಿಯಿತು. ಅವನ ಒಂದು ಕಾಲು ನಿಮ್ಮ ಕೈಯಲ್ಲಿದ್ದರೆ ಎತ್ತುವುದು ಕಷ್ಟ. ಕಾಲು ಸಿಗದೆ ಅವನು ಎತ್ತಿಯೇಬಿಟ್ಟರೆ ಬೀಗ ಬಿಚ್ಚಿ ಇಳಿಯಿರಿ. ಇನ್ನೊಂದು ದಾರಿಯೂ ಇದೆ. 2020ರ ಅಕ್ಟೋಬರಿನಲ್ಲಿ ಖಬೀಬ್ ಜಸ್ಟಿನ್ ಗೇಜಿ ಅವರಿಗೆ ಟ್ರಯಾಂಗಲ್ ಹಾಕಲು ಶುರು ಮಾಡಿದ್ದು ಮೌಂಟಿನಿಂದ, ಅಂದರೆ ಅವರ ಮೇಲೆ ಕೂತ ಜಾಗದಿಂದ. ಕೆಳಗಿನಿಂದ ಮಾತ್ರ ಹಾಕುವ ಪಟ್ಟು ಇದಲ್ಲ.

ಮೊಣಕೈ ಜಾರಿಹೋಗುತ್ತೆ: ಆರ್ಮ್‌ಬಾರ್ ಮತ್ತು ಕಿಮೂರಾ

ಆರ್ಮ್‌ಬಾರಿನಲ್ಲಿ ಕೈ ಜಾರಿದರೆ ಎಲ್ಲರೂ ಮಣಿಕಟ್ಟನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತಾರೆ. ಬೆವರಿದ ಮಣಿಕಟ್ಟು ಯಾರ ಕೈಯಲ್ಲೂ ನಿಲ್ಲುವುದಿಲ್ಲ. ಅವನ ಕೈಯನ್ನು ಹಿಡಿದಿಡಬೇಕಾದದ್ದು ನಿಮ್ಮ ಮೊಣಕಾಲುಗಳು. ಪರೀಕ್ಷೆ: ಮೊಣಕಾಲು ಒತ್ತಿ ಹಿಡಿದು, ನಿಮ್ಮ ಎರಡೂ ಕೈ ಬಿಡಿ. ಅವನ ಕೈ ಅಲ್ಲೇ ಇದ್ದರೆ ಸರಿ. ಜಾರಿದರೆ ಒಂದೋ ಮೊಣಕಾಲು ಅಗಲವಾಗಿದೆ, ಇಲ್ಲವೋ ನಿಮ್ಮ ಸೊಂಟ ಅವನ ಭುಜದಿಂದ ದೂರ ಇದೆ. ಅವನ ಮೊಣಕೈ ನಿಮ್ಮ ಸೊಂಟದ ಮೂಳೆ ದಾಟಿ ನಿಮ್ಮ ಕಡೆಗೆ ಬಂದಿರಬೇಕು. ಹೆಬ್ಬೆರಳು ಮೇಲೆ ನೋಡುತ್ತಿರಬೇಕು. ಆಗ ಸೊಂಟ ಸ್ವಲ್ಪ ಎತ್ತಿದರೂ ಸಾಕು.

ಕೆಲವು ಸಲ ಪಟ್ಟು ಸರಿ ಇರುತ್ತದೆ, ಜೊತೆಯವನು ಹಟಮಾರಿ. 2004ರ ಜೂನ್‌ನಲ್ಲಿ ಫ್ರ್ಯಾಂಕ್ ಮಿರ್ ಹಾಕಿದ ಆರ್ಮ್‌ಬಾರಿಗೆ ಟಿಮ್ ಸಿಲ್ವಿಯಾ ಟ್ಯಾಪ್ ಮಾಡಲಿಲ್ಲ, ಮುಂಗೈ ಮೂಳೆ ಮುರಿಯಿತು. ರೆಫರಿ ನಿಲ್ಲಿಸಿದಾಗಲೂ ಸಿಲ್ವಿಯಾ ಒಪ್ಪಲಿಲ್ಲ. ಅಭ್ಯಾಸದಲ್ಲಿ ಕೈ ಪೂರ್ತಿ ನೆಟ್ಟಗಾಗಿದ್ದೂ ಟ್ಯಾಪ್ ಬರದಿದ್ದರೆ ನೀವೇ ಬಿಡಿ. ಬಾಯಲ್ಲಿ "ಸಿಕ್ಕಿತ್ತು" ಅಂದರೆ ಸಾಕು, ಅವನಿಗೂ ಗೊತ್ತಿರುತ್ತದೆ.

ಕಿಮೂರಾ ಅಂದರೆ ಬಾಗಿದ ಕೈಯನ್ನು ಬೆನ್ನ ಕಡೆಗೆ ತಿರುಚಿ ಭುಜಕ್ಕೆ ಒತ್ತಡ ಹಾಕುವ ಪಟ್ಟು. ಅದರ ದೋಷ ಬಹುತೇಕ ಒಂದೇ. ಬರೀ ತೋಳಿನಿಂದ ತಿರುಚುವುದು. ಜಪಾನಿನ ಜೂಡೋ ಪಟು ಮಸಾಹಿಕೊ ಕಿಮೂರಾ 1951ರಲ್ಲಿ ರಿಯೊ ಡಿ ಜನೈರೊದಲ್ಲಿ ಎಲಿಯೊ ಗ್ರೇಸಿ ಅವರ ಕೈ ಮುರಿದ ಮೇಲೆ ಈ ಪಟ್ಟಿಗೆ ಅವರ ಹೆಸರೇ ನಿಂತಿತು. ಎದುರಾಳಿಯ ಮೊಣಕೈ ಬಾಗಿದ್ದು ಮೂಲೆಮಟ್ಟದಷ್ಟೇ ಇರಲಿ. ಆ ಕೈಯನ್ನು ನಿಮ್ಮ ಎದೆಗೆ ಅಂಟಿಸಿ, ಇಡೀ ಮೈ ತಿರುಗಿಸಿ. ಅವನು ತನ್ನ ಚಡ್ಡಿ ಹಿಡಿದುಕೊಂಡಿದ್ದರೆ ಮೊದಲು ಅದನ್ನು ಬಿಡಿಸಬೇಕು, ಅದರ ಮೇಲೇ ತಿರುಚಬೇಡಿ.

ಹೀಲ್ ಹುಕ್ ಬಗ್ಗೆ ದೋಷ ಹುಡುಕುವ ಮಾತೇ ಬೇಡ. ಹಿಮ್ಮಡಿ ಹಿಡಿದು ತಿರುಗಿಸಿದರೆ ಹರಿಯುವುದು ಮೊಣಕಾಲಿನ ಒಳಗಿನ ತಂತುಗಳು, ನೋವು ಬರುವ ಹೊತ್ತಿಗೆ ಗಾಯ ಆಗಿಯೇ ಹೋಗಿರುತ್ತದೆ. ಹವ್ಯಾಸಿ ಎಂಎಂಎಯಲ್ಲಿ ಬಹಳ ಕಡೆ ಇದಕ್ಕೆ ಅವಕಾಶವಿಲ್ಲ. ಹೊಸಬರು ಇದರಿಂದ ತಪ್ಪಿಸಿಕೊಳ್ಳುವುದನ್ನು ಮಾತ್ರ ಕಲಿಯಲಿ, ಅದೂ ತಿಳಿದವರ ಕೈಯಲ್ಲಿ.

ಅಭ್ಯಾಸದಲ್ಲಿ ಆಗುತ್ತೆ, ಸ್ಪಾರಿಂಗ್‌ನಲ್ಲಿ ಆಗಲ್ಲ

ಸ್ಪಾರಿಂಗ್ ಅಂದರೆ ಜೊತೆಯವನ ಜೊತೆ ಆಡುವ ಅಭ್ಯಾಸ ಪಂದ್ಯ. ಇಲ್ಲಿ ಪಟ್ಟಿನ ದೋಷಕ್ಕಿಂತ ಅಭ್ಯಾಸದ ದೋಷ ಜಾಸ್ತಿ. ಸುಮ್ಮನೆ ಮಲಗಿರುವವನ ಮೇಲೆ ಹಾಕಿ ಕಲಿತದ್ದು, ಓಡುವವನ ಮೇಲೆ ಹೇಗೆ ಬೀಳುತ್ತದೆ? ಪಟ್ಟು ಮುಕ್ಕಾಲು ಹಾಕಿದ ಜಾಗದಿಂದ ಆಟ ಶುರು ಮಾಡಿ. ಒಬ್ಬನಿಗೆ ಮುಗಿಸುವ ಕೆಲಸ, ಇನ್ನೊಬ್ಬನಿಗೆ ಬಿಡಿಸಿಕೊಳ್ಳುವ ಕೆಲಸ. ಅರ್ಧ ನಿಮಿಷ ಆದ ಮೇಲೆ ಮತ್ತೆ ಅಲ್ಲಿಂದಲೇ. ಅದು ಕೂತ ಮೇಲೆ ಮೆತ್ತಗೆ ಗುದ್ದು ಸೇರಿಸಿ. ಗುದ್ದು ಬಂದ ಕೂಡಲೇ ಕೈ ಮುಖಕ್ಕೆ ಓಡುತ್ತದೆ, ಹಿಡಿತ ಬಿಟ್ಟುಹೋಗುತ್ತದೆ. ಎಲ್ಲಿ ಬಿಟ್ಟುಹೋಯಿತೋ ಆ ಜಾಗವೇ ಮುಂದಿನ ವಾರದ ಪಾಠ. ಮೇಲಿರುವವನಿಗೆ ಉಲ್ಟಾ: ಗುದ್ದಿದರೆ ಕೆಳಗಿನವನು ಕೈ ಎತ್ತುತ್ತಾನೆ, ಕತ್ತು ತಿರುಗಿಸುತ್ತಾನೆ, ಆಗಲೇ ಪಟ್ಟಿಗೆ ಜಾಗ ಸಿಗುವುದು.

ಚೋಕ್ ಅಭ್ಯಾಸ ಮಾಡಿದ ದಿನವಾಗಲಿ, ಮರುದಿನಗಳಲ್ಲಾಗಲಿ ಕತ್ತಿನ ಒಂದೇ ಪಕ್ಕದಲ್ಲಿ ಹೊಸ ನೋವು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಒಂದು ಕೈ ಸೋಲುವುದು ಕಂಡರೆ ನೋವಿನ ಎಣ್ಣೆ ಹಚ್ಚಿಕೊಂಡು ಕೂರಬೇಡಿ. ಕತ್ತಿನ ರಕ್ತನಾಳದ ಒಳಪದರ ಸೀಳಿರಬಹುದು. ನೇರ ಆಸ್ಪತ್ರೆಗೆ ಹೋಗಿ, ಕತ್ತು ಹಿಂಡಿದ್ದನ್ನು ಡಾಕ್ಟರಿಗೆ ಬಿಡಿಸಿ ಹೇಳಿ.

ಮಳೆಗಾಲದ ದೋಷ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಬೆವರು ಆರುವುದಿಲ್ಲ, ಮ್ಯಾಟೂ ಆರುವುದಿಲ್ಲ. ಈ ತಿಂಗಳುಗಳಲ್ಲಿ ಆರ್ಮ್‌ಬಾರ್ ಒಮ್ಮೆಲೇ ಜಾರತೊಡಗಿದರೆ ನಿಮ್ಮ ಪಟ್ಟು ಕೆಟ್ಟಿಲ್ಲ. ಮೈಗೆ ಅಂಟುವ, ಉದ್ದ ತೋಳಿನ ರ‍್ಯಾಶ್‌ಗಾರ್ಡ್ ಹಾಕಿಕೊಳ್ಳಿ, ಪ್ರತಿ ರೌಂಡಿಗೂ ಮ್ಯಾಟ್ ಒರೆಸಿ, ಕೈ ಜಾರಿದರೂ ಮೈ ಜಾರದ ಚೋಕುಗಳನ್ನು ಜಾಸ್ತಿ ಮಾಡಿ. ಅರ್ಧ ಒಣಗಿದ ಬಟ್ಟೆ ಮತ್ತೆ ಹಾಕಿಕೊಂಡು ಬರಬೇಡಿ. ಒಲೆ ಮೇಲಿನ ಅಟ್ಟದಲ್ಲಿ ಒಣಗಿಸಿ ಹೊಗೆ ವಾಸನೆ ಬಂದರೂ ಪರವಾಗಿಲ್ಲ, ಯಾರೂ ಬೈಯುವುದಿಲ್ಲ.

ಮೈಮೇಲೆ ಉಂಗುರದ ಹಾಗೆ ಕೆಂಪಗೆ ತುರಿಕೆ ಎದ್ದರೆ ಅದು ಹುಳಕಡ್ಡಿ ಇರಬಹುದು. ಒಬ್ಬರಿಗೆ ಬಂದರೆ ಇಡೀ ಮ್ಯಾಟಿಗೆ ಹರಡುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಕೊಡುವ ಸ್ಟೀರಾಯ್ಡ್ ಬೆರೆತ ಕ್ರೀಮು ಎರಡು ದಿನ ತುರಿಕೆ ನಿಲ್ಲಿಸುತ್ತದೆ, ಆಮೇಲೆ ಇನ್ನೂ ಅಗಲವಾಗಿ ಏಳಿಸುತ್ತದೆ. ಚರ್ಮದ ಡಾಕ್ಟರಿಗೆ ತೋರಿಸಿ ಅವರು ಹೇಳಿದಷ್ಟು ದಿನ ಔಷಧಿ ಹಚ್ಚಿ. ಅವರು ಸರಿ ಅನ್ನುವವರೆಗೆ ಮ್ಯಾಟಿಗೆ ಬರಬೇಡಿ. ಪಕ್ಕದಲ್ಲಿ ಕೂತು ಬೇರೆಯವರ ಮೊಣಕೈ ಎಲ್ಲಿದೆ ಅಂತ ನೋಡುತ್ತಿರಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ.